ಬಾಕಿ

ಶಿಡ್ಲಘಟ್ಟದಲ್ಲಿ ಗೂಡು ಅಂದರೆ
ಹಕ್ಕಿ ನೆನಪಾಗುವುದಿಲ್ಲ ಯಾರಿಗೂ.
ಗೂಡು ಅಂದರೆ ಕೇಜಿ ಲೆಕ್ಕ, ಹರಾಜು,
ಬೆಳಿಗ್ಗೆ ಮಾರ್ಕೆಟ್ಟಿನ ಜಾಲರಿಯಲ್ಲಿ ಹಳದಿ ರಾಶಿ,
ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರೆ
ಒಳಗಿನದರ ಗಲಗಲ.

ಹಾಗಾಗಿ ಹುರಿಮಿಷನ್ನಿನ ಮಕ್ಬೂಲ್
ನೂಲಿನ ಬಾಕಿ ಎರಡು ಸಾವಿರದ ಮುನ್ನೂರಕ್ಕೆ
ಪಂಜರ ತಂದಿಟ್ಟು ಹೋದಾಗ
ನಮ್ಮವರು ಸುತ್ತ ಒಂದು ಸುತ್ತು ಹಾಕಿ
"ತೂಕ ಎಷ್ಟು?" ಅಂದರು.

ಕಾಕಟೀಲ್ ಅಂತೆ ಜಾತಿ. ನೆತ್ತಿಗೆ ಜುಟ್ಟು,
ಎರಡೂ ಕೆನ್ನೆಗೆ ಕಿತ್ತಳೆ ಬೊಟ್ಟು,
ಮದುವೆ ಮನೆಯಿಂದ ಮುಖ ತೊಳೆಯದೆ ಬಂದ ಹಾಗೆ.
ಬೇರೆ ಹೆಸರು ಯಾಕೆ ಹುಡುಕುವುದು?
ಬಾಕಿ ಅಂತ ಕರೆದೆವು. ಕರೆದರೆ
ಜುಟ್ಟು ನಿಮಿರಿಸುತ್ತಿತ್ತು.

ಉಗುರು ಬೆಳೆದು ಕೊಕ್ಕೆಯಾಗಿತ್ತು.
ಕೂರಲು ಇದ್ದದ್ದು ಪ್ಲಾಸ್ಟಿಕ್ ಕೋಲು, ನುಣ್ಣಗೆ;
ಸವೆಯಲು ಒರಟು ಬೇಕಲ್ಲ ಯಾವುದಕ್ಕಾದರೂ.
ಅದನ್ನು ಕಿತ್ತು ಹಿಪ್ಪುನೇರಳೆ ಕಡ್ಡಿ ಕಟ್ಟಿದೆ,
ಮೇಲೂರಿನ ಮುನಿಲಕ್ಷ್ಮಮ್ಮನ ತೋಟದ್ದು.
ಹುಳಕ್ಕೆ ಹಾಕುವ ಸೊಪ್ಪಿಗೆ ಮದ್ದು ಹೊಡೆಯುವುದಿಲ್ಲ ಆಕೆ;
ಹುಳಕ್ಕೆ ಆದದ್ದು ಹಕ್ಕಿಗೂ ಆದೀತು.

ಕೊಕ್ಕು ಉಜ್ಜಲು ಗ್ರಂಧಿಗೆ ಅಂಗಡಿಯ ತಾತ
ಡಬ್ಬದ ತಳದಿಂದ ಕಡಲನೊರೆ ಹೆಕ್ಕಿಕೊಟ್ಟ.
ಬಿಳಿ, ಹಗುರ, ಗೀರಿದರೆ ಪುಡಿ.
ಸಮುದ್ರ ನೋಡಿಲ್ಲ ನಾನು.
ಸಂಜೆ ಬಾಕಿ ಗರಗರ ಉಜ್ಜುವಾಗ
ಕೇಳಿಸಿಕೊಂಡಿದ್ದೇನೆ.

ಸ್ನಾನ ಮಧ್ಯಾಹ್ನ, ಬಿಸಿಲಿರುವಾಗಲೇ,
ಮಹಡಿಯ ಮೇಲೆ. ಕೆಳಗಿನ ಒಲೆಯ ಹೊಗೆ,
ಬೇಸಿನ್ನಿನ ನಾತ ಅದರ ಉಸಿರಿಗೆ ಆಗದು.
ಅಗಲ ತಟ್ಟೆ, ಬೆರಳ ಗೆಣ್ಣಿನಷ್ಟು ನೀರು,
ಸೋಪಿಲ್ಲ, ಶಾಂಪೂ ಇಲ್ಲ.
ನೀರು ಉಗುರುಬೆಚ್ಚಗಿರಲಿ ಅಂದಿದ್ದರು ಡಾಕ್ಟರು.
ಉಗುರುಬೆಚ್ಚಗೆ ಅಂದರೆ ಎಷ್ಟು ಅಂತ
ಕೈಯನ್ನು ಕೇಳಿದೆ.
ಅದಕ್ಕೆ ಗೊತ್ತಾಗಲಿಲ್ಲ.
ಹತ್ತೊಂಬತ್ತು ವರ್ಷ ಕುದಿಯುವ ಬೇಸಿನ್ನಿನಲ್ಲಿ
ಎಳೆಯ ತುದಿ ತಡಕಿದ ಬೆರಳು;
ಕುದಿಯದ್ದೆಲ್ಲ ಒಂದೇ ಅದಕ್ಕೆ.
ಮಗಳು ಫಿರ್ದೋಸ್ ಮೊಣಕೈ ಅದ್ದಿ
"ಈಗ ಸರಿ" ಅಂದಳು.

ಶುಕ್ರವಾರ ಉಗುರಿನ ದಿನ.
ಟವೆಲ್ಲಿನಲ್ಲಿ ಸುತ್ತಬೇಕು, ಎದೆ ಅಮುಕದ ಹಾಗೆ;
ಎದೆ ಏಳದಿದ್ದರೆ ಹಕ್ಕಿಗೆ ಉಸಿರಿಲ್ಲ.
ಅವಳು ಹಿಡಿದಳು. ನಾನು ಕಿಟಕಿಯ ಬೆಳಕಿಗೆ
ಒಂದು ಬೆರಳು ಬಿಡಿಸಿದೆ.
ಉಗುರೊಳಗೆ ಕೆಂಪು ಎಳೆ.
ಅದು ಮುಗಿದ ಮೇಲಿನ ತುದಿ ಮಾತ್ರ ನನ್ನದು,
ಅಕ್ಕಿಕಾಳಿನ ಮೂಗಿನಷ್ಟು.

ಟಕ್. ಟಕ್.
ಏಳನೆಯದಕ್ಕೆ ಒದೆಯಿತು.
ಒಂದು ಹನಿ.

ಕಾರ್ನ್‌ಫ್ಲೋರ್ ಬಟ್ಟಲು ಪಕ್ಕದಲ್ಲೇ ಇತ್ತು. ಒತ್ತಿದೆ.
ರಕ್ತ ನಿಂತಿತು.
ಕೈ ನಿಲ್ಲಲಿಲ್ಲ, ನಡುಗುತ್ತಲೇ ಇತ್ತು
ನಿನ್ನೆಯೊಂದೇ ದಿನ ಎಂಟು ಕೇಜಿ ಬೇಯಿಸಿದ ಕೈ.
ಕೇಜಿಗೆ ಎಷ್ಟು ಗೂಡು ಅಂತ ಫಿರ್ದೋಸ್
ಶಾಲೆಯ ಲೆಕ್ಕಕ್ಕೆ ಒಮ್ಮೆ ಕೇಳಿದ್ದಳು.
ಸುಮಾರು ಆರುನೂರು ಅಂದಿದ್ದೆ.
ಗುಣಿಸಿದವಳು ಅವಳು.

"ರೆಕ್ಕೆ ತುದಿನೂ ಕತ್ತರಿಸ್ತೀಯಾ ಅಮ್ಮೀ?
ನೋವಾಗಲ್ವಂತೆ. ಮತ್ತೆ ಬರುತ್ತಂತೆ."
ಎಲ್ಲ ನಿಜ. ಡಾಕ್ಟರೂ ಹೇಳಿದ್ದರು,
ಹೊರಗಿನ ಐದು ಗರಿ, ಬಲಿತವು ಮಾತ್ರ, ಎರಡೂ ಕಡೆ ಸಮ.
ಕತ್ತರಿ ಡಬ್ಬಕ್ಕೆ ಹೋಯಿತು.
ಕಿಟಕಿಗೆ ಜಾಲರಿ ಹೊಡೆಸಿದೆವು,
ನಾನೂರ ಐವತ್ತು ಆಯಿತು.

ಮೊನ್ನೆ ಮಕ್ಬೂಲ್ ದುಡ್ಡು ಹಿಡಿದು ಬಂದ.
"ಬಾಕಿ ಚುಕ್ತಾ ಮಾಡ್ಕೊಂಡು ಹೋಗ್ತೀನಿ."
ನಮ್ಮವರು ಬೀಡಿ ಕೆಳಗಿಟ್ಟು
"ಯಾವ ಬಾಕಿ?" ಅಂದರು.
ಮಹಡಿಯಿಂದ ಅದು ಓಗೊಟ್ಟಿತು.

ಈಗ ಗರಿ ಉದುರುವ ಕಾಲ.
ನೆತ್ತಿಯ ತುಂಬ ಹೊಸ ಮುಳ್ಳು, ಒಂದೊಂದಕ್ಕೂ
ಬಿಳಿಯ ಒರೆ. ಮೈಯೆಲ್ಲ ತಾನೇ ಬಿಡಿಸಿಕೊಳ್ಳುತ್ತದೆ,
ತನ್ನ ಕೊಕ್ಕು ಮುಟ್ಟದ ಜಾಗ ಅದೊಂದೇ.
ಕೆಲಸ ಮುಗಿಸಿ ಬಂದರೆ ತಲೆ ತಗ್ಗಿಸಿ ಕೊಡುತ್ತದೆ.
ಬುಡ ಕಪ್ಪಗಿದ್ದರೆ ಬಿಡುತ್ತೇನೆ, ಇನ್ನೂ ರಕ್ತವಿದೆ ಅಂತ.
ಒಣಗಿದ್ದನ್ನು ಎರಡು ಬೆರಳ ನಡುವೆ ಹೊರಳಿಸಿದರೆ
ಒರೆ ಪುಡಿಯಾಗಿ
ಒಳಗೆ ಸುತ್ತಿಕೊಂಡಿದ್ದ ಗರಿ
ಬಿಚ್ಚಿಕೊಳ್ಳುತ್ತದೆ, ಹಳದಿ.

ಕುದಿನೀರು ಬೇಡ ಇದಕ್ಕೆ.